ಅಜ್ಜಿಗೆ ಕೇಳುವ ಪ್ರಶ್ನೆ

ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಮಗುವಿಗೆ ವಾಂತಿಯಾಗಬಹುದಿತ್ತು. ಅವಳ ಬ್ಯಾಗನ್ನು ಯಾರಾದರೂ ಕದಿಯಬಹುದಿತ್ತು. ಅದಕ್ಕೇ ಪುಣೆಯಿಂದ ಮಧುಗಿರಿಯವರೆಗೂ ಅದನ್ನು ತೊಡೆಯಿಂದ ಇಳಿಸಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಫೋನಿನಲ್ಲೂ ನಾಚುವ ಎಂಟು ವರ್ಷದ ಚೈತ್ರ ಅಜ್ಜಿಯ ಮುಂದೆ ಬಾಯೇ ಬಿಡದಿರಬಹುದಿತ್ತು. ಪುಣೆಗೆ ದುಡಿಯಲು ಹೋದ ನಮ್ಮ ಕಡೆಯವರ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುವವಳು ನಾನೇ. ಅಲ್ಲೇ ಹುಟ್ಟಿದ ಇವಳನ್ನು ಬೇಸಿಗೆ ರಜೆಗೆಂದು ಅಜ್ಜಿಯ ಬಳಿ ಬಿಡಲು ಕರೆತಂದಿದ್ದೆ.

ತಮ್ಮೂರು ಕೊಳಾಲದಿಂದ ಬಂದು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಅಜ್ಜಿ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದರು.

"ಉಂಡ್ಯೇನವ್ವಾ?"

ಚೈತ್ರ ತನ್ನ ಚಪ್ಪಲಿಯನ್ನೇ ನೋಡಿದಳು.

"ನಿಮ್ಮವ್ವ ಹೆಂಗವ್ಳೆ?"

ಚೈತ್ರ ನನ್ನ ಸೆರಗು ಹಿಡಿದಳು.

"ಮಾತೇ ಬರ್ದಿದ್ರೆ ನಾನು ಕುರಿ ಮೇಯಿಸ್ಲೋ, ಇವಳ ಮನಸ್ನಾಗಿರೋದು ಹುಡುಕ್ಲೋ? ವಾಪಸ್ ಕರ್ಕೊಂಡೋಗ್ಬುಡಿ ಟೀಚರಮ್ಮ."

ನನ್ನ ಶಾಲೆಯೇ ಫೇಲಾಯಿತು ಎಂದುಕೊಂಡೆ. ಕೊಳಾಲದ ಬಸ್ಸು ಹಾರನ್ ಹೊಡೆಯುತ್ತಿತ್ತು. ಪ್ರತಿ ಭಾನುವಾರ ಮಕ್ಕಳಿಂದ, ಅವರವರ ಅಜ್ಜಿಗೆ ಕೇಳುವ ಒಂದು ಪ್ರಶ್ನೆಯನ್ನು ಹೇಳಿಸುತ್ತಿದ್ದೆ. "ನಿನ್ನ ಪ್ರಶ್ನೆ ಕೇಳು," ಎಂದೆ ಚೈತ್ರಳಿಗೆ.

"ಅಜ್ಜೀ, ಅಷ್ಟೊಂದು ಕುರಿಗಳಲ್ಲಿ ನಿನ್ನ ಕುರಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

ಅಜ್ಜಿ ಹುಬ್ಬೇರಿಸಿದರು. "ನನ್ ಕುರಿ ನಂಗೆ ಗೊತ್ತಾಗಲ್ವೇನೇ? ಮಕ ನೋಡಿದ್ರೆ ಸಾಕು!"

"ಎಲ್ಲಾ ಕುರಿ ಮುಖ ಒಂದೇ ಥರ ಅಲ್ವಾ?"

"ಯಾವೋಳೇ ನಿಂಗೆ ಹೇಳಿದ್ದು? ಬಾ, ತೋರಿಸ್ತೀನಿ."

ಕೈ ಹಿಡಿದು ಎಳೆದುಕೊಂಡೇ ಬಸ್ಸು ಹತ್ತಿದರು. ಕಿಟಕಿಯಲ್ಲಿ ಇಬ್ಬರ ಬಾಯಿಯೂ ಆಡುತ್ತಲೇ ಇತ್ತು. ಬಸ್ಸು ತಿರುವು ದಾಟುವಾಗ ಕೈ ಬೀಸಲು ಹೋದೆ. ಕೈ ಏಳಲಿಲ್ಲ. ಚೈತ್ರಳ ಬ್ಯಾಗನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡಿದ್ದೆ.