ಒಣಕಲು ಕೂಸಿನ ಸುದ್ದಿ

ನಮ್ಮತ್ತೆಗೆ ಇದ್ದದ್ದು ಒಂದೇ ಆಸೆ. ನನ್ನ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಾನೇ ನೀರು ಹುಯ್ಯಬೇಕು ಅಂತ. ಒಡವೆ, ಸೀರೆ, ಯಾತ್ರೆ ಅಂತ ಬೇರೆ ಏನನ್ನೂ ಅವರು ಕೇಳಿದ್ದು ನಾನು ಕಾಣೆ.

ಕೊಣನೂರಿನ ನಮ್ಮ ಬೀದಿಯಲ್ಲಿ ಯಾರಿಗೆ ಹೆರಿಗೆಯಾದರೂ ಕೂಸಿಗೆ ನೀರು ಹುಯ್ಯಲು ಅವರನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮಂಡಿಗೆ ಎತ್ತಿ ಸಿಕ್ಕಿಸಿ, ಎರಡೂ ಕಾಲು ನೀಡಿ ಕೂತುಬಿಡುತ್ತಿದ್ದರು. ಹರಳೆಣ್ಣೆ ತಿಕ್ಕಿ, ಮೂಗು ನೀವಿ, ತಲೆ ಒತ್ತಿ ದುಂಡಗೆ ಮಾಡಿ, ಬಿಸಿನೀರು ಹುಯ್ದರೆ ಎಂಥ ರಚ್ಚೆಯ ಕೂಸೂ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಬೀದಿಯ ಮಕ್ಕಳ ತಲೆ ದುಂಡಗಿರುವುದು ತನ್ನ ಕೈಯಿಂದ ಎಂದು ಹೇಳಿಕೊಳ್ಳುತ್ತಿದ್ದರು. ಅವರು ಹೆತ್ತದ್ದರಲ್ಲಿ ಉಳಿದವನು ಒಬ್ಬನೇ, ನನ್ನ ಗಂಡ. ಉಳಿದವೆಲ್ಲ ತೊಟ್ಟಿಲಲ್ಲೇ ಹೋಗಿದ್ದವು.

ಹಾಗಂತ ದೇವತೆ ಏನಲ್ಲ. ಬೆಲ್ಲದ ಗಡಿಗೆಯನ್ನು ನನ್ನ ಕೈಗೆಟುಕದ ಕಡೆ ಇಡುತ್ತಿದ್ದರು. ನಾನು ಏಳುವುದು ತಡವಾದರೆ ಬಾಯಿಬಿಟ್ಟು ಬೈಯುತ್ತಿರಲಿಲ್ಲ, ಪಾತ್ರೆಗಳನ್ನು ದಡಬಡ ಅನ್ನಿಸುತ್ತಿದ್ದರು. ಬಸುರಿಯಾದ ಮೇಲೆ ಬೆಲ್ಲದ ಗಡಿಗೆ ಕೆಳಗೆ ಬಂತು. ಅಷ್ಟೇ ನಾನು ಕಂಡ ಪ್ರೀತಿ.

ಮೊದಲ ಹೆರಿಗೆ ತವರಲ್ಲೇ ಆಗಬೇಕಲ್ಲ. ನಯಾಪೈಸೆ ಬಂದ ಹೊಸತು. ಬಸ್ಸಿನಲ್ಲಿ ಆಣೆಯ ಲೆಕ್ಕಕ್ಕೂ ಪೈಸೆಯ ಲೆಕ್ಕಕ್ಕೂ ಕಂಡಕ್ಟರು ಜಗಳವಾಡುತ್ತಿದ್ದ ಕಾಲ. ಅವ್ವ ಬಂದು ನನ್ನನ್ನು ಬಾಗೂರಿಗೆ ಕರೆದುಕೊಂಡು ಹೊರಟಾಗ ಅತ್ತೆ ಬಸ್ಸಿನವರೆಗೂ ಬಂದರು. ಕಿಟಕಿಯ ಹೊರಗೆ ನಿಂತು ಹೇಳಿದರು:

"ನಿಮ್ಮವ್ವ ಬಾಣಂತನ ಮಾಡ್ಲಿ, ಬ್ಯಾಡ ಅನ್ನಾಕಿಲ್ಲ. ಮೂರು ತಿಂಗಳಾಯ್ತಿದ್ದಂಗೆ ಬಂದ್ಬುಡು. ತುಪ್ಪ ತಿನ್ಕಂಡು ಅಲ್ಲೇ ಕೂತ್ಬುಟ್ಟೀಯ."

"ಬತ್ತೀನಿ ಕಣತ್ತೆ."

"ಕುತ್ಗೆ ನಿಲ್ಲೋಕೆ ಮುಂಚೆ ಕೂಸು ನನ್ ಕಾಲ್ ಮ್ಯಾಲೆ ಬೀಳ್ಬೇಕು. ಆಮ್ಯಾಕೆ ತಲೆ ತಿದ್ದಕ್ಕಾಗಾಕಿಲ್ಲ."

ಗಂಡು ಹುಟ್ಟಿತು. ಹುಟ್ಟಿದಾಗ ನಿಜಕ್ಕೂ ಹಲ್ಲಿಮರಿಯ ಹಾಗಿತ್ತು. ತೊಟ್ಟಿಲಿಗೆ ಹಾಕುವ ದಿನ ಗಂಡ ಒಬ್ಬನೇ ಬಂದ. ಅತ್ತೆ ಯಾಕೆ ಬರಲಿಲ್ಲ ಎಂದರೆ, ಸ್ವಲ್ಪ ನೆಗಡಿ, ಕೂಸಿಗೆ ಅಂಟೀತು ಅಂತ ಬರಲಿಲ್ಲ ಎಂದ. ಕೂಸನ್ನು ಎತ್ತಿಕೊಳ್ಳಲು ಹೆದರಿದ. ತೊಟ್ಟಿಲ ಒಳಗೆ ಬಗ್ಗಿ ನೋಡಿ, ಊಟ ಮಾಡಿ, ಹೊಲದ ಕೆಲಸ ಇದೆ ಅಂತ ಮಾರನೆಯ ದಿನದ ಬಸ್ಸಿಗೇ ಹೊರಟುಹೋದ.

ಆಮೇಲೆ ಸುದ್ದಿ ತರುವುದು ಕಳಿಸುವುದು ಎಲ್ಲ ಮೆಣಸಿನಕಾಯಿ ಮಾವನ ಮೂಲಕ. ಅವನು ನಮಗೆ ನೆಂಟನಲ್ಲ. ಬಾಗೂರಿನಲ್ಲಿ ಅವ್ವನ ಮನೆಯ ಎದುರುಗಡೆಯವನು. ಒಣಮೆಣಸಿನಕಾಯಿ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಕೊಂಡು ವಾರವಾರ ಕೊಣನೂರಿನ ಸಂತೆಗೆ ಹೋಗುತ್ತಿದ್ದ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಒಂದು ಕಾರ್ಡು ಗೀಚಬಹುದಿತ್ತು. ಬಾಣಂತಿ ಕಣ್ಣಿಗೆ ಕೆಲಸ ಕೊಟ್ಟರೆ ಮುದುಕಿಯಾದಾಗ ಕುರುಡಿಯಾಗುತ್ತಾಳೆ ಅಂತ ಅವ್ವ ಬಿಡಲಿಲ್ಲ. ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಬೆಳ್ಳುಳ್ಳಿ ಖಾರ ತಿಂದುಕೊಂಡು, ಸಾಂಬ್ರಾಣಿ ಹೊಗೆಯ ಕತ್ತಲೆಕೋಣೆಯಲ್ಲಿ ಬಿದ್ದಿರುವುದೇ ನನ್ನ ಕೆಲಸ.

ಕೂಸು ಹಾಲು ಎಳೆಯಿತು ನೋಡಿ, ಎರಡು ತಿಂಗಳು ತುಂಬುವುದರೊಳಗೆ ಬೇರೆ ಕೂಸೇ ಆಗಿಹೋಯಿತು. ಕುತ್ತಿಗೆ ಕಾಣದ ಹಾಗೆ ಗದ್ದ, ಮಣಿಕಟ್ಟಿಗೆ ದಾರ ಬಿಗಿದ ಹಾಗೆ ಮಡಿಕೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಚೆನ್ನಾಗಿರುವ ಕೂಸನ್ನು ಚೆನ್ನಾಗಿದೆ ಅಂದರೆ ದೃಷ್ಟಿ. ನನಗಿಂತ ಮೊದಲು ಅವ್ವನಿಗೆ ಹುಟ್ಟಿದ್ದ ಗಂಡುಕೂಸನ್ನು ಯಾರೋ ಬೆಣ್ಣೆಮುದ್ದೆ ಅಂದಿದ್ದರಂತೆ. ವಾರದೊಳಗೆ ಹೋಯಿತು. ಜ್ವರಕ್ಕೆ ಹೋಗಿರಬೇಕು ಅಂತ ನನ್ನ ಎಣಿಕೆ. ಅವ್ವನ ಪ್ರಕಾರ ಆ ಮಾತಿಗೆ ಹೋಯಿತು. ಅದಕ್ಕೇ ಯಾರು ಕೇಳಿದರೂ ಸೊರಗಿದೆ, ಒಣಗಿದೆ, ಉಳಿದರೆ ನಮ್ಮ ಪುಣ್ಯ, ಇದೇ ಮಾತು. ಮಾವ ಸಂತೆಗೆ ಹೊರಟು ಬಾಗಿಲಿಗೆ ಬಂದರೆ ಅವನಿಗೂ ಅದೇ ಪಾಠ.

"ಏನಂತ ಯೋಳ್ಲಿ ತಂಗಿ ನಿಮ್ ಬೀಗಿತ್ತಿಗೆ?"

"ಕಡ್ಡಿ ಅಂಗದೆ ಅನ್ನಣ್ಣ. ಆಲು ಕುಡಿಯಾಕಿಲ್ಲ, ರಚ್ಚೆ ಇಡೀತದೆ, ಒಣಗೋಗದೆ ಅನ್ನು."

ಮಾವ ತೊಟ್ಟಿಲಿಗೆ ಬಗ್ಗಿ ನೋಡಿ, "ಈ ಕಡ್ಡೀನ ಎತ್ಬೇಕಾದ್ರೆ ನನ್ ಮೂಟೆ ಎತ್ತೋ ಆಳೇ ಬರ್ಬೇಕು ಕಣವ್ವ" ಎಂದ.

"ನಿನ್ ಬಾಯಿಗೆ ಮಣ್ಣಾಕ. ಉಗಿ ಕೆಳೀಕೆ."

ಅವನು ನಗುತ್ತಲೇ ತು ತು ಎಂದು ನೆಲಕ್ಕೆ ಉಗಿದ. ಅವ್ವ ಅವನ ಮೂಟೆಯಿಂದಲೇ ನಾಲ್ಕು ಮೆಣಸಿನಕಾಯಿ ಎಳೆದುಕೊಂಡು, ಕೂಸಿಗೆ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿ ಇಲ್ಲ ಅಂತ, ಬರದಿದ್ದರೆ ಇದೆ ಅಂತ.

"ವಾರವಾರ ನಿನ್ ಮೊಮ್ಮಗನ ದೃಷ್ಟಿಗೇ ನನ್ ಮೂಟೆ ಕರಗೋಯ್ತದೆ" ಎಂದು ಮಾವ ಕೆಮ್ಮಿದ.

ಸಂತೆಯಿಂದ ಬಂದಾಗ ನಾನು ಒಳಗಿನಿಂದಲೇ ಕೇಳುತ್ತಿದ್ದೆ. "ನಮ್ಮತ್ತೆ ಎಂಗವ್ರೆ ಮಾವ?"

"ಕಲ್ಲುಗುಂಡು ಇದ್ದಂಗವ್ರೆ. ನಿನ್ನೂ ಕೇಳುದ್ರು, ಕೂಸ್ನೂ ಕೇಳುದ್ರು."

ಪ್ರತಿ ವಾರವೂ ಅದೇ ಕಲ್ಲುಗುಂಡು. ಬಾಣಂತಿಗೆ ಯಾವತ್ತೂ ಒಳ್ಳೆಯ ಸುದ್ದಿಯನ್ನೇ ಹೇಳುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರೂ ನಂಬಿದೆ. ಅತ್ತೆ ಹಾಸಿಗೆ ಹಿಡಿದದ್ದನ್ನು ನಾನು ಕಂಡೇ ಇರಲಿಲ್ಲ.

ಮೂರು ತಿಂಗಳು ತುಂಬುತ್ತಾ ಬಂತು. ಅವ್ವ ಕೊಬ್ಬರಿ, ಬೆಲ್ಲ, ಕೂಸಿಗೆ ಒಂದು ಉಡಿದಾರ ಎಲ್ಲ ಹೊಂದಿಸುತ್ತಿದ್ದಳು. ಆ ವಾರ ಮಾವ ಬಂದು ಬೇರೆಯದೇ ಹೇಳಿದ:

"ಈಗ್ಲೇ ಕರ್ಕಬರೋದ್ ಬ್ಯಾಡ ಅಂದ್ರು ನಿಮ್ಮತ್ತೆ. ಚನ್ರಾಯಪಟ್ಣದಲ್ಲಿ ಇಳ್ದು, ಒಳೆನರಸೀಪುರದಲ್ಲಿ ಇಳ್ದು, ಬಿಸಿಲಲ್ಲಿ ಬಸ್ ಕಾಯ್ಕಂಡು ಬರೋವಷ್ಟು ತ್ರಾಣ ಆ ಕೂಸಿಗಿಲ್ಲ, ವಸಿ ಗಟ್ಟಿಯಾಗ್ಲಿ, ಐದನೇ ತಿಂಗಳಿಗೆ ಬರ್ಲಿ ಅಂದ್ರು."

ಮೂರಲ್ಲದಿದ್ದರೆ ಐದು. ನಾಲ್ಕನೇ ತಿಂಗಳಲ್ಲಿ ಬಾಣಂತಿಯನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅವ್ವನಿಗೆ ಸಂತೋಷವೇ ಆಯಿತು. ನನಗೂ ಆಯಿತು. ತವರಿನಲ್ಲಿ ಎಣ್ಣೆನೀರು, ಬಿಸಿ ಅನ್ನ, ಮೈಗೆ ಕೆಲಸವಿಲ್ಲ. ಬೇಡ ಅನ್ನುವ ಹೆಂಗಸು ಯಾರಿದ್ದಾಳೆ?

ನಾಲ್ಕನೇ ತಿಂಗಳಲ್ಲಿ ಮಾವ ಬಾಗಿಲಿಗೆ ಬರುವುದು ಕಡಿಮೆಯಾಯಿತು. ಬಂದರೂ ಹಿತ್ತಲಿಗೆ ಹೋಗಿ ಅವ್ವನ ಹತ್ತಿರ ಮಾತಾಡಿ ಹೋಗುತ್ತಿದ್ದ. ಅತ್ತೆ ಹೇಗಿದ್ದಾರೆ ಎಂದು ಅವ್ವನನ್ನು ಕೇಳಿದರೆ "ಅವ್ರೆ ಬುಡು, ನೀನು ಉಣ್ಣು" ಅನ್ನುತ್ತಿದ್ದಳು. ನಾನು ಉಣ್ಣುತ್ತಿದ್ದೆ.

ಐದನೇ ತಿಂಗಳು ಬಿದ್ದ ಮೇಲೆ ಗಂಡ ಕರೆದುಕೊಂಡು ಹೋಗಲು ಬಂದ. ತಲೆಗೆ ಟವಲು ಸುತ್ತಿದ್ದ. ನಾನು ಕೋಣೆಯ ಬಾಗಿಲಲ್ಲಿ ಕೂಸಿಗೆ ಹಾಲು ಕೊಡುತ್ತಾ ಕೂತಿದ್ದೆ. ಮುಖ ನೋಡಿದೆ. ಮೀಸೆ ಇದ್ದ ಜಾಗದಲ್ಲಿ ಹೊಸದಾಗಿ ಚಿಗುರಿದ ಕುರುಚಲು ಕೂದಲು. ಟವಲಿನ ಕೆಳಗೆ ತಲೆಯೂ ಹಾಗೇ. ಅಪ್ಪ ಅವನಿಗೆ ಮೊದಲೇ ಇರಲಿಲ್ಲ. ಇನ್ನು ಯಾರು ಸತ್ತರೆ ಮಗ ತಲೆ ಬೋಳಿಸುತ್ತಾನೆ ಅನ್ನುವುದು ಕೇಳಿ ತಿಳಿಯಬೇಕಾದದ್ದಲ್ಲ.

"ಯಾವಾಗ?" ಎಂದೆ.

"ಓದ ತಿಂಗಳು. ನಿಂಗೆ ಯೋಳ್ಬಾರ್ದು ಅಂತ ನಮ್ಮವ್ವನೇ ಅಂದಿದ್ಲು."

ನನ್ನ ಅವ್ವ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳಿಗೆ ಸುದ್ದಿ ಮುಟ್ಟಿ ಎಷ್ಟೋ ದಿನವಾಗಿತ್ತು. ಕೂಸು ಎಳೆಯುತ್ತಲೇ ಇತ್ತು. ಹಾಲು ಬತ್ತಲಿಲ್ಲ. ಅದನ್ನೂ ಬರೆದುಬಿಡುತ್ತೇನೆ. ಅಷ್ಟೊಂದು ಮುಚ್ಚಿಟ್ಟರಲ್ಲ, ಹಾಲು ಒಂದು ಹೊತ್ತೂ ಬತ್ತಲಿಲ್ಲ.

ನಾವು ಹೊರಟದ್ದು ಕೊಣನೂರಿನ ಸಂತೆಯ ದಿನ. ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿದರೆ ಮಾವ ಒಳಗೆ ಕೂತಿದ್ದ. ನನ್ನನ್ನು ಕಂಡು ಎದ್ದು ಜಾಗ ಬಿಟ್ಟ. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದ. ನಾನು ಕೊಡಲಿಲ್ಲ.

"ಅತ್ತೆ ಮಲಗವ್ರೆ ಅಂತ ನಿಮಗೆ ಗೊತ್ತಿತ್ತಲ್ವ ಮಾವ?"

"ಗೊತ್ತಿತ್ತು ಕಣ್ ಮಗ. ತೊಟ್ಲಿಗೆ ಬರ್ನಿಲ್ವಲ್ಲ, ಆಗ್ಲೇ ಎದ್ದು ನಿಲ್ಲಕ್ಕಾಯ್ತಿರ್ನಿಲ್ಲ. ಒಟ್ಟೇಲಿ ಗಡ್ಡೆ. ಆಸನದ ಆಸ್ಪತ್ರೆಗೂ ಕರ್ಕೋಗಿದ್ರು. ಮನೇಗೆ ಕರ್ಕಂಡೋಗಿ ಅಂದ್ಬುಟ್ರಂತೆ."

"ಮತ್ಯಾಕೆ ಕಲ್ಲುಗುಂಡು ಅಂದ್ರಿ?"

"ಅವ್ರೇ ಅನ್ನಿಸಿದ್ರು. ಬಾಣಂತಿ ಕಿವೀಗೆ ಬಿದ್ರೆ ಆಲು ಬತ್ತೋಯ್ತದೆ, ಕೂಸು ಮೊದ್ಲೇ ಒಣಕ್ಲು, ನನ್ನಾಣೆ ಕಣಣ್ಣ ಅಂದ್ರು."

"ಕೂಸು ಒಣಕಲಲ್ಲ ಅಂತ ಅವರಿಗಾದ್ರೂ ಯೋಳ್ಬೌದಿತ್ತು."

ಮಾವ, "ಯೋಳ್ದೆ. ನಿಮ್ಮವ್ವನ ಮಾತು ಮೀರಿ ಯೋಳ್ದೆ" ಎಂದ. "ಅವ್ವ, ನಿಮ್ ಮೊಮ್ಮಗನ ತೊಡೆ ಮ್ಯಾಲೆ ಮಡಿಕೆ ಬಿದ್ದವೆ, ಅವ್ರು ದೃಷ್ಟಿಗೆ ಎದ್ರಿ ಅಂಗ್ ಯೋಳಿಸ್ತಾರೆ ಅಂದೆ. ನಿಮ್ಮತ್ತೆ ನಗಾಡಿದ್ರು. ನಾನು ಕಲ್ಲುಗುಂಡು ಅಂತ ಅಲ್ಲೋಗಿ ಯೋಳ್ತೀಯ, ಕೂಸು ದಪ್ಪಗದೆ ಅಂತ ಇಲ್ ಬಂದ್ ಯೋಳ್ತೀಯ, ಎರಡೂ ಒಂದೇ ಬಾಯಲ್ವೇನಣ್ಣ ಅಂದ್ರು. ನಂಬ್ನಿಲ್ಲ."

ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ. ಮಾವನೇ ಮುಂದುವರಿಸಿದ: "ನಾನು ಮೆಣಸಿನ್ಕಾಯಿ ಮಾರೋನು. ಯಾರ್ ಏನ್ ಕೊಟ್ಕಳಿಸಿದ್ರೋ ಅದ್ನ ತಲುಪಿಸ್ದೆ."

ಅವನ ಮೇಲೆ ಸಿಟ್ಟಾಗಲು ನೋಡಿದೆ, ಆಗಲಿಲ್ಲ. ಚೆನ್ನಾಗಿರುವುದನ್ನು ಚೆನ್ನಾಗಿಲ್ಲ ಅನ್ನುವ ಪದ್ಧತಿ ಅತ್ತೆಗೂ ಗೊತ್ತಿತ್ತು. ಬೀದಿಯ ಎಷ್ಟು ಕೂಸುಗಳಿಗೆ ಅವರೇ ಹಾಗೆ ಹೇಳಿರಲಿಲ್ಲ? ಆದರೆ ತೊಟ್ಟಿಲ ದಿನ ಕಣ್ಣಾರೆ ಕಂಡ ಮಗ ಬಂದು ಹಲ್ಲಿಮರಿ ಅಂಗದೆ ಅಂದಿದ್ದ. ತನ್ನ ಕೂಸುಗಳು ಹೋದ ಹಾಗೇ ಇದೂ ಹೋಗುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು ಅಂತ ಕಾಣುತ್ತದೆ. ಕೆಟ್ಟದ್ದನ್ನು ನಂಬುವುದು ಅವರಿಗೆ ಅಭ್ಯಾಸವಾಗಿತ್ತು.

ಹೊಳೆನರಸೀಪುರದಲ್ಲಿ ಇಳಿದು ಬಿಸಿಲಲ್ಲೇ ಕಾದೆವು. ಇನ್ನೊಂದು ಬಸ್ಸು ಅರಕಲಗೂಡಿನಲ್ಲಿ ಕೆಟ್ಟು ನಿಂತು, ಸರಿಯಾಗಿ, ಮತ್ತೆ ಹೊರಟಿತು. ಕೂಸು ದಾರಿಯುದ್ದಕ್ಕೂ ನಿದ್ದೆ. ಎದ್ದಾಗ ಕಂಡಕ್ಟರನ ಚೀಲ ಹಿಡಿದು ಎಳೆಯಿತು. ಒಮ್ಮೆಯೂ ಅಳಲಿಲ್ಲ. ಮೂರನೇ ತಿಂಗಳಲ್ಲೂ ಹೀಗೇ ಬಂದಿರುತ್ತಿತ್ತು.

ಮನೆಯಲ್ಲಿ ಬಚ್ಚಲ ಒಲೆಯ ಪಕ್ಕ ಸೌದೆ ಒಟ್ಟಿತ್ತು. ಅತ್ತೆ ಮಲಗಿದಲ್ಲಿಂದಲೇ ಮಗನ ಕೈಲಿ ಸೀಳಿಸಿ ಒಟ್ಟಿಸಿದ್ದಂತೆ. ಮಣೆ ಗೋಡೆಗೆ ಒರಗಿತ್ತು. ಹರಳೆಣ್ಣೆ ಬಾಟಲಿ ತುಂಬಿತ್ತು. ಗಂಡ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತಂದು ಕೊಟ್ಟ. ತನ್ನ ಹಳೆಯ ನೂಲಿನ ಸೀರೆ ಹರಿದು ಅತ್ತೆ ಮಡಿಸಿಟ್ಟ ಬಟ್ಟೆಗಳು, ಮೇಲೊಂದು ಅಂಗಿ. ಕೂತು ಹೊಲಿಯಲು ಆಗದೆ ಮಲಗಿಕೊಂಡೇ ಹೊಲಿದಿದ್ದರಂತೆ. ಹೊಲಿಗೆ ಸೊಟ್ಟಗಿತ್ತು. ಒಂದು ಗುಂಡಿಯ ಬದಲು ದಾರ.

ಮಾರನೆಯ ಬೆಳಿಗ್ಗೆ ಹಂಡೆಗೆ ಉರಿ ಹಾಕಿ ಅವರ ಮಣೆಯ ಮೇಲೆ ಕೂತೆ. ಕೂಸಿಗೆ ನೀರು ಹುಯ್ದು ನನಗೆ ಅಭ್ಯಾಸವೇ ಇಲ್ಲ, ಬಾಗೂರಿನಲ್ಲಿ ಅವ್ವನೇ ಹುಯ್ಯುತ್ತಿದ್ದಳು. ಕಾಲು ನೀಡಿ ಮಲಗಿಸಿಕೊಂಡರೆ ಆ ಭಾರಕ್ಕೆ ಕಾಲು ಜೋಮು ಹಿಡಿಯಿತು. ಎಣ್ಣೆಮೈ ಜಾರಿತು, ಕಿವಿಗೆ ನೀರು ಹೋಯಿತು, ಅದು ಬೀದಿಗೆ ಕೇಳುವ ಹಾಗೆ ಕಿರುಚಿತು. ತಲೆ ಹಿಂದೆ ಒಂದು ಕಡೆ ಚಪ್ಪಟೆ. ಒತ್ತಿ ನೋಡಿದೆ. ಅಷ್ಟು ಹೊತ್ತಿಗೆ ಗಟ್ಟಿಯಾಗಿಬಿಟ್ಟಿತ್ತು. ಈಗಲೂ ನನ್ನ ದೊಡ್ಡ ಮಗನ ತಲೆ ಹಿಂದೆ ಚಪ್ಪಟೆಯೇ.

ಕಿರುಚು ಕೇಳಿ ಪಕ್ಕದ ಮನೆಯ ಮುದುಕಮ್ಮ ಬಂದಳು. ಅತ್ತೆಯ ಕೊನೆಗಾಲದಲ್ಲಿ ಗಂಜಿ ಕುಡಿಸಿದವಳು ಅವಳೇ. ಬಚ್ಚಲ ಬಾಗಿಲಲ್ಲಿ ನಿಂತು ನೋಡಿಯೇ ನೋಡಿದಳು.

"ಇದೇನವ್ವ ಇದು. ಕೂಸು ಉಳಿಯಾಕಿಲ್ಲ, ನಾನ್ ನೋಡೋಕೂ ಇರಾಕಿಲ್ಲ ಅಂತ ನಿಮ್ಮತ್ತೆ ದಿನಾ ಅಳೋಳಲ್ಲ."

ಕೂಸನ್ನು ಒರೆಸಿ, ಅತ್ತೆಯ ಅಂಗಿ ತೊಡಿಸಲು ಹೋದೆ. ತೋಳು ಮೊಣಕೈ ದಾಟಲಿಲ್ಲ. ಎಳೆದರೆ ಹರಿಯುತ್ತದೆ.

"ಬಗಲಲ್ಲಿ ಒಲಿಗೆ ಬಿಚ್ಚು, ಇಡಿಸ್ತದೆ" ಎಂದಳು ಮುದುಕಮ್ಮ.

"ಬ್ಯಾಡ ಬುಡಿ."

ಅಂಗಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದೆ. ಕೂಸನ್ನು ಬರಿಮೈಯಲ್ಲೇ ಎತ್ತಿಕೊಂಡು ಬಂದು ಜಗಲಿಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡೆ. ಕೆನ್ನೆಗೆ ಕಪ್ಪು ಬೊಟ್ಟು ಇಡಲಿಲ್ಲ. ಮುದುಕಮ್ಮ ಹಿಂದೆಯೇ ಬಂದು, "ಒಳೀಕೆ ಕರ್ಕೋಗವ್ವ, ಓಗೋರ್ ಬರೋರ್ ಕಣ್ ಬಿದ್ದಾತು" ಎಂದಳು.

ಬೀದಿಯಲ್ಲಿ ನೀರಿಗೆ ಹೋಗುವ ಹೆಂಗಸರು ಬರುತ್ತಿದ್ದರು. ಕೊಡ ಸೊಂಟಕ್ಕೆ ಇಟ್ಟುಕೊಂಡು ಒಬ್ಬೊಬ್ಬರೇ ನಿಂತರು.

"ಕೂಸು ಎಂಗದೆ?" ಎಂದು ಒಬ್ಬಳು ಕೇಳಿದಳು.

"ದಪ್ಪಗದೆ" ಎಂದೆ. "ಚೆನ್ನಾಗದೆ. ನೋಡ್ಕಳಿ."