ಗಂಡನ ಫೋನಿಗೆ ಹೋದ ಆರು ಅಂಕಿ

ಆಕೆ ಬಂದಾಗ ಬೆಳಗಿನ ಒಂಬತ್ತೂ ಹತ್ತು. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಕೆಳತುಟಿ ಸೀಳಿ ರಕ್ತ ಗದ್ದಕ್ಕೆ ಇಳಿದಿತ್ತು. ಉಸಿರು ಎಳೆದಾಗಲೆಲ್ಲ ಬಲಗೈ ತಾನಾಗಿ ಪಕ್ಕೆಗೆ ಹೋಗುತ್ತಿತ್ತು. ಗಿರಣಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಜೋಳದ ಬುಟ್ಟಿ ಹೊರಗೆ ಕಟ್ಟೆಯ ಮೇಲಿತ್ತು.

"ಮೆಟ್ಟಿಲು ಜಾರಿ ಬಿದ್ದೀನಕ್ಕಾ."

ಅವರ ಮನೆ ನನಗೆ ಗೊತ್ತು. ಹೊಸ್ತಿಲು ಬಿಟ್ಟರೆ ಮೆಟ್ಟಿಲೇ ಇಲ್ಲ.

"ಮನ್ಯಾಗ ಗೊತ್ತಾಗಬಾರದು," ಅಂದಳು.

"ಆಗಲಿ," ಅಂದೆ.

ಆದೋನಿಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ಮೇಲೆ, ಪೆದ್ದಹರಿವಾಣಂ ದಾಟಿ ಬರುವ, ಗಡಿಯಂಚಿನ ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಒಂಬತ್ತರಿಂದ ಒಂದರ ತನಕ ಕೂರುತ್ತೇನೆ. ಇಲ್ಲಿ ಡಾಕ್ಟರ್ ಇಲ್ಲ, ಟ್ಯಾಬ್ ಇದೆ. ಡಾಕ್ಟರಮ್ಮ ಕರ್ನೂಲಿನಲ್ಲಿ ಕೂತು ಪರದೆಯಲ್ಲಿ ರೋಗಿಯನ್ನು ನೋಡುತ್ತಾರೆ. ಅವರು ಕಾಣಬೇಕಾದರೆ ರೋಗಿಯ ಆಧಾರ್ ಒತ್ತಬೇಕು, ಅದಕ್ಕೆ ಸೇರಿಸಿದ ಫೋನಿಗೆ ಆರು ಅಂಕಿಯ ಓಟಿಪಿ ಬರುತ್ತದೆ, ಅದನ್ನೂ ಒತ್ತಬೇಕು. ನಮ್ಮ ಕಡೆ ಒಂದು ಮನೆಗೆ ಒಂದೇ ನಂಬರು, ಅದು ಗಂಡಸಿನದು. ರೇಷನ್ನಿಗೂ ಅದೇ, ಗ್ಯಾಸಿಗೂ ಅದೇ, ಹೆಂಡತಿಯ ಆಧಾರಿಗೂ ಅದೇ. ಹಾಗಾಗಿ ದಿನಕ್ಕೆ ಹತ್ತು ಸಲ ಹೊಲದಲ್ಲಿರುವ ಗಂಡಸರಿಗೆ ಫೋನು ಮಾಡಿ ಅಂಕಿ ಕೇಳುವುದು ನನ್ನ ಕೆಲಸದ ಭಾಗವಾಗಿತ್ತು.

ತುಟಿಗೆ ಹತ್ತಿ ಕೊಟ್ಟು, "ಒತ್ತಿ ಹಿಡಿ, ಮಾತಾಡಬೇಡ," ಅಂದೆ. ಆಕೆ ಹಾಗೇ ಮಾಡಿದಳು. ನಾನು ಆಧಾರ್ ಒತ್ತಿದೆ. ಕೈ ತನ್ನ ರೂಢಿಯಂತೆ ಫೋನು ಎತ್ತಿತು. ಆಕೆ ಎಡಗೈ ಜೋರಾಗಿ ಬೀಸಿದಳು. ನೋವಿಗೆ ಅಂದುಕೊಂಡೆ.

"ಏನಪ್ಪಾ, ನಿನ್ನ ಫೋನಿಗೆ ಓಟಿಪಿ ಬಂದೈತಿ, ಹೇಳು."

"ಯಾರದಮ್ಮಾ?"

"ನಿನ್ನ ಹೆಂಡತಿದು."

ಆ ಕಡೆ ಕುರಿಗಳು ಕೂಗುತ್ತಿದ್ದವು. ಅಂಕಿಗಳನ್ನು ತೆಲುಗಿನಲ್ಲಿ, ಒಂದೊಂದಾಗಿ ಹೇಳಿದ: "ನಾಲುಗು, ಸುನ್ನ, ಏಡು, ಏಡು, ಒಕಟಿ, ಮೂಡು. ಆಕಿ ಅಲ್ಲೇ ಅದಾಳಾ?"

"ಅದಾಳ," ಅಂದೆ.

ಫೋನು ಇಟ್ಟು, ಅಂಕಿ ಒತ್ತಿ ತಿರುಗಿದಾಗ ಆಕೆ ಹತ್ತಿಯನ್ನು ಬಾಯಿಂದ ತೆಗೆದಿದ್ದಳು. "ಕೊಂದಿ ಅಕ್ಕಾ," ಅಂದಳು, ಸಣ್ಣಗೆ.

ಬಾಗಿಲಿಗೆ ಅಗಳಿ ಹಾಕಲು ಎದ್ದೆ. ಅಗಳಿ ಸವೆದಿತ್ತು, ನಿಲ್ಲಲಿಲ್ಲ. ಪರದೆಯಲ್ಲಿ ಡಾಕ್ಟರಮ್ಮ ಬಂದು ನಮಸ್ಕಾರ ಹೇಳುವಷ್ಟರಲ್ಲಿ ಬೈಕು ನಿಂತಿತು, ಬಾಗಿಲು ಗೋಡೆಗೆ ಬಡಿಯಿತು. ಅವನ ಕೈಯಲ್ಲಿ ಕುರಿ ಕಾಯುವ ಬಿದಿರುಕೋಲು.

"ಊರಿಗೆಲ್ಲ ತೋರಸಾಕ ಬಂದಿಯೇನಲೇ?"

ಮೊದಲ ಏಟಿಗೆ ಆಕೆ ಬಲಗೈ ಅಡ್ಡ ಹಿಡಿದಳು. ಎಲುಬು ಮುರಿದ ಸದ್ದು ಒಣ ಕಟ್ಟಿಗೆಯದೇ. ಎರಡನೆಯ ಏಟು ಕಿವಿಗೆ. ಆಕೆ ಬೆಂಚಿನಿಂದ ಬಿದ್ದಳು, ಟ್ಯಾಬೂ ಬಿತ್ತು. ಕೂದಲು ಸುತ್ತಿ ಹಿಡಿದು ಆಕೆಯ ಹಣೆಯನ್ನು ನೆಲಕ್ಕೆ ಬಡಿದ. ಒಡೆದ ಪರದೆಯೊಳಗಿಂದ ಡಾಕ್ಟರಮ್ಮನ ದನಿ, "ಸಿಸ್ಟರ್, ಏಮೈಂದಿ? ಕೆಮೆರಾ ತಿಪ್ಪಂಡಿ," ಅನ್ನುತ್ತ ಕೆಮೆರಾ ತಿರುಗಿಸಲು ಹೇಳುತ್ತಲೇ ಇತ್ತು. ಕೆಮೆರಾ ಮೇಲಿನ ಫ್ಯಾನನ್ನು ನೋಡುತ್ತಿತ್ತು.

ನಾನು ಸಲೈನ್ ಸ್ಟ್ಯಾಂಡ್ ಎತ್ತಿದೆ. ಕಬ್ಬಿಣದ್ದು, ಹಳೆಯದು. ಮಣಿಕಟ್ಟಿಗೆ ಹೊಡೆದೆ. ಕೋಲು ಜಾರಿತು, ಕೂದಲು ಬಿಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಎರಡನೆಯದನ್ನು ಹೊಡೆಯಬೇಕಾದ್ದಿರಲಿಲ್ಲ. ಅದೇ ಮಣಿಕಟ್ಟಿಗೆ ಹೊಡೆದೆ. ಮುರಿಯಿತು. ಅವನು ಎಮ್ಮೆಯ ಹಾಗೆ ಕೂಗಿದ. ಜನ ಓಡಿ ಬಂದು ಅವನನ್ನು ಕಟ್ಟೆಗೆ ಒತ್ತಿ ಹಿಡಿದರು. ಜೋಳ ಚೆಲ್ಲಿಹೋಗಿತ್ತು.

ಆಕೆಗೆ ಎರಡು ಪಕ್ಕೆಲುಬು, ಒಂದು ಮುಂಗೈ ಹೋಗಿದ್ದವು; ಎಡಕಿವಿ ಇನ್ನೂ ಸರಿಯಾಗಿ ಕೇಳುವುದಿಲ್ಲ. ಆದೋನಿಯ ಆಸ್ಪತ್ರೆಯಿಂದ ನಂದವರಂನ ತವರಿಗೆ ಹೋದಳು. ಅವನ ತಾಯಿ ನಮ್ಮ ಬಾಗಿಲಿಗೆ ಬಂದಳು.

"ನನ್ನ ಮಗನ ಕೈ ಮುರದಿ. ನೀ ನರ್ಸೋ, ಕಟುಕರಾಕಿಯೋ?"

"ಒಂಬತ್ತರಿಂದ ಒಂದರ ತನಕ ನರ್ಸು," ಅಂದೆ. ಆಮೇಲೆ ಆ ಮಾತಿಗೆ ನಾಚಿಕೆಯಾಯಿತು.

ಏಟು ಅಲ್ಲಿಗೂ ನಿಲ್ಲಲಿಲ್ಲ. ಆಕೆಯ ಎಕ್ಸ್-ರೇ, ಗುಳಿಗೆಯ ಚೀಟಿ, ಪಟ್ಟಿ ಬಿಚ್ಚುವ ದಿನ, ಎಲ್ಲ ಮೆಸೇಜೂ ಅವನ ಫೋನಿಗೇ ಹೋಗುತ್ತಿದ್ದವು. ಪಟ್ಟಿ ಬಿಚ್ಚಬೇಕಾದ ದಿನ ಆಟೋದಲ್ಲಿ ನಾವು ಆಸ್ಪತ್ರೆ ಮುಟ್ಟಿದಾಗ ಗೇಟಿನ ಹತ್ತಿರ ಅವನ ಅಣ್ಣ ನಿಂತಿದ್ದ, ಕೈಯಲ್ಲಿ ಬೈಕಿನ ಸರಪಳಿ. ಆಟೋ ಇಳಿಯದೆ ತಿರುಗಿಸಿದೆವು. ಆಸ್ಪತ್ರೆಗೆ ಫೋನು ಮಾಡಿ ನಂಬರು ಬದಲಿಸಿರೆಂದರೆ, ಹಳೆಯ ನಂಬರಿಗೆ ಓಟಿಪಿ ಬರುತ್ತದೆ, ಅದನ್ನು ಹೇಳಿ ಅಂದರು.

ಸೀದಾ ಆಧಾರ್ ಕೇಂದ್ರಕ್ಕೆ ಹೋದೆವು. ಅಲ್ಲಿ ಓಟಿಪಿ ಬೇಡ, ಬೆರಳು ಸಾಕು; ಬಲಗೈ ಪಟ್ಟಿಯಲ್ಲಿತ್ತು, ಎಡ ಹೆಬ್ಬೆರಳು ಒತ್ತಿದಳು. ತವರಿನವರು ಆಕೆಗೆ ಹೊಸ ಸಿಮ್ ಕೊಡಿಸಿದ್ದರು. ಹೊಸ ನಂಬರು ಸೇರಿದ ಮೇಲೆ ಯಾರಿಗೂ ದಿನ ಹೇಳದೆ ಪಟ್ಟಿ ಬಿಚ್ಚಿಸಲು ಹೋದೆವು. ಗೇಟಿನಲ್ಲಿ ಯಾರೂ ಇರಲಿಲ್ಲ.

ಕಿಟಕಿಯೊಳಗಿನವನು ಓಟಿಪಿ ಕೇಳಿದ. ಆಕೆಯ ಸೆರಗಿನಲ್ಲಿ ಫೋನು ಗುಂಯ್ ಅಂದಿತು. ನಾನು ಕೈ ಚಾಚಿದೆ.

"ಕೊಡು, ಓದ್ತೀನಿ."

ಆಕೆ ಫೋನನ್ನು ಎದೆಗೆ ಒತ್ತಿ ಹಿಡಿದಳು. "ನೀ ಸುಮ್ನಿರಕ್ಕಾ. ಹಿಂದ ನೀ ಕೇಳಿದ್ದಕ್ಕ ಕೈ ಹೋತು."

ಆಮೇಲೆ ನನಗೆ ಬೆನ್ನು ತಿರುಗಿಸಿ, ಕಿಟಕಿಗೆ ಬಾಯಿ ಹಚ್ಚಿ, ಆರೂ ಅಂಕಿಗಳನ್ನು ನನಗೆ ಕೇಳದ ಹಾಗೆ ಹೇಳಿದಳು.