ಆಂಟಿಯ ದನಿ, ಅಜ್ಜನ ಲಿವರ್

ತಪ್ಪು ನನ್ನದೇ, ಮೊದಲೇ ಹೇಳಿಬಿಡ್ತೀನಿ. ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಇಟ್ಟುಕೊಂಡು ಕೂತಿದ್ದವರನ್ನ ನಗಿಸೋಕೆ ಹೋಗಿ, ನಮ್ಮ ಡಾಕ್ಟರ್ ಆಂಟಿಯ ಮಿಮಿಕ್ರಿ ಮಾಡಿದೆ.

ಆಂಟಿ ಮೈಸೂರಿನವರು, ಕ್ಯಾಲಿಫೋರ್ನಿಯಾದ ಸಿರಿವಂತರ ಊರು ಡ್ಯಾನ್‌ವಿಲ್‌ನಲ್ಲಿ ನಮ್ಮಪ್ಪ ಅಮ್ಮನ ಪಕ್ಕದ ಮನೆ. ನಾನು ಬಾಡಿಗೆ ಕಡಿಮೆ ಅಂತ ಈಸ್ಟ್ ಓಕ್ಲಂಡ್‌ಗೆ ಬಂದು ಬಿದ್ದವನು. ಅಲ್ಲಿ ನನ್ನ ಪಕ್ಕದ ಬಾಗಿಲು ಒಬ್ಬ ಆಫ್ರಿಕನ್ ಅಮೆರಿಕನ್ ಹಿರಿಯರದು, ರಿಟೈರಾದ ಬಸ್ ಡ್ರೈವರ್. ನನ್ನ ಬಾಯಲ್ಲಿ ಅವರು ಅಜ್ಜ. ನಮ್ಮ ಕಿಟಕಿಗಳ ಕೆಳಗೇ ಫ್ರೀವೇ. ಮಂಜು ಇಳಿದ ಸಂಜೆ ಟ್ರಕ್ಕುಗಳ ದೀಪ ನೀರೊಳಗಿನ ಮೀನಿನ ಹಾಗೆ ತೇಲಿ ಹೋಗೋದನ್ನ ಇಬ್ಬರೂ ಸುಮ್ಮನೆ ನೋಡ್ತಾ ನಿಂತಿರುತ್ತಿದ್ದೆವು.

ಅಜ್ಜನಿಗೆ ಹಳೆಯ ಹೆಪಟೈಟಿಸ್. ಕ್ಯಾನ್ಸರಿಗೆ ತಿರುಗಿದೆಯೇ ಅಂತ ಆಗಾಗ ಲಿವರ್ ಸ್ಕ್ಯಾನ್ ಆಗಬೇಕಿತ್ತು. ಹತ್ತಿರದ ಕ್ಲಿನಿಕ್ ಮುಚ್ಚಿದ ಮೇಲೆ ಅದಕ್ಕೆ ಎರಡು ಬಸ್ಸು ಹಿಡಿಯಬೇಕು. ಜೀವಮಾನವೆಲ್ಲ ಬಸ್ ಓಡಿಸಿದವರು ಬಸ್ಸಿಗೆ ಕಾದು ಕಾದು ಮನೆಗೆ ವಾಪಸ್ಸು. ನನ್ನ ಕಾರು ಕೆಳಗೇ ನಿಂತಿರುತ್ತಿತ್ತು. ಅವರು ಕೇಳಲಿಲ್ಲ, ನನಗೆ ಹೊಳೆಯಲಿಲ್ಲ. ಕಡೆಗೂ ಸ್ಕ್ಯಾನ್ ಆದಾಗ ಗಡ್ಡೆ ಕಂಡಿತು. ಅದನ್ನ ಆಪರೇಷನ್ ಮಾಡಿ ತೆಗೀಬಹುದೋ ಇಲ್ಲವೋ ಅಂತ ಡಾಕ್ಟರು ಹೇಳುವ ದಿನ ನಾನೇ ಕಾರಲ್ಲಿ ಕರೆದೊಯ್ದೆ.

ಆಸ್ಪತ್ರೆ ಕೊಲ್ಲಿಯ ಆಚೆ ದಡದಲ್ಲಿ; ಸೇತುವೆ ಮೇಲೆ ದಟ್ಟ ಮಂಜು. ಕೆಳಗೆ ನೀರಿದೆಯೋ ಆಕಾಶವಿದೆಯೋ ತಿಳಿಯದು. ಅಜ್ಜ ಮಾತಿಲ್ಲದೆ ಕೂತಿದ್ದರು. ಮೌನ ಅಂದ್ರೆ ನನಗೆ ಮೈ ತುರಿಕೆ. ಕನ್ನಡಕ ಮೂಗಿನ ತುದಿಗೆ ಜಾರಿಸಿ, ಇಂಗ್ಲಿಷಲ್ಲೇ, ಓಕ್ಲಂಡಿನ ಪೇಷೆಂಟುಗಳನ್ನ ಬೈಯುವ ಆಂಟಿ ಆಗಿಬಿಟ್ಟೆ: "ಈ ಜನಕ್ಕೆ ಡಿಸಿಪ್ಲಿನ್ನೇ ಇಲ್ಲ! ಟೈಮಿಗೆ ಸರಿಯಾಗಿ ಚೆಕಪ್ ಮಾಡಿಸ್ಕೊಳ್ಳೋಕೆ ಏನ್ ಕಷ್ಟ?"

ಅಜ್ಜ ನಕ್ಕರು. ನಕ್ಕರಲ್ಲ ಅಂತ ನಾನೂ ಹಿಗ್ಗಿದೆ, ಪೆದ್ದ.

ಡಾಕ್ಟರು ಮೆತ್ತಗೆ ಹೇಳಿದರು: ತಡವಾಗಿದೆ, ಆಪರೇಷನ್ ಆಗೋಲ್ಲ, ಔಷಧಿಯಲ್ಲಿ ನೋಡೋಣ.

ವಾಪಸ್ ಬರುವಾಗಲೂ ಅದೇ ಸೇತುವೆ, ಅದೇ ಮಂಜು. ಅಜ್ಜ ಗಾಜಿಗೆ ತಲೆಯಾನಿಸಿ ಕೇಳಿದರು: "ನಿಮ್ಮಪ್ಪಂಗೂ ಇದೇ ಕಾಯಿಲೆ ಅಂದಿದ್ದೆ. ಹೇಗೆ ಗೊತ್ತಾಯ್ತು?"

"ಹಬ್ಬದೂಟಕ್ಕೆ ಆಂಟಿ ಬಂದಿದ್ರು. ಅಪ್ಪ ನಾಲ್ಕನೇ ಹೋಳಿಗೆಗೆ ಕೈ ಹಾಕಿದಾಗ ಹೊಟ್ಟೆ ನೋಡಿ ಬೈದ್ರು. ಅಲ್ಲೇ ಯಾರಿಗೋ ಫೋನ್ ಮಾಡಿ ಸ್ಕ್ಯಾನ್‌ಗೆ ಏರ್ಪಾಡು ಮಾಡಿದ್ರು. ಗಡ್ಡೆ ಚಿಕ್ಕದಿತ್ತು, ತೆಗೆದುಹಾಕಿದ್ರು."

"ಅದಕ್ಕೆ ಮುಂಚೆ ಚೆಕಪ್‌ಗೆ ಹೋಗ್ತಿದ್ರಾ?"

"ಅಪ್ಪನಾ? ಎಲ್ಲಿ!"

ಅಜ್ಜ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಹಾಗಾದ್ರೆ ಡಿಸಿಪ್ಲಿನ್ ಇಬ್ಬರಿಗೂ ಇರಲಿಲ್ಲ, ಮಗಾ. ಅವರ ಪಕ್ಕದ ಮನೇಲಿ ಡಾಕ್ಟರ್ ಇದ್ರು. ನನ್ನ ಪಕ್ಕದ ಮನೇಲಿ ನೀನಿದ್ದೆ."